ಶ್ವೀಟ್ಸ್ ರಾಟ್‌ಹೌಸಿನ ಒಂದು ತುಂಡು ಗೋಡೆ, ನಮ್ಮ ಬಾಲ್ಕನಿಯಲ್ಲಿ

ಬೆಳಗ್ಗೆ ಎದ್ದು ಬಾಲ್ಕನಿ ಬಾಗಿಲು ತೆಗೆದರೆ ಗೋಡೆಗೆ ಬೂಷ್ಟು ಹಿಡಿದಿತ್ತು. ಕೆಂಪು ಬಾವುಟ, ಗುಡ್ಡದ ಹಸಿರು, ಕುದುರೆಯ ಕಂದು ಮೈ, ಎಲ್ಲದರ ಮೇಲೂ ಹತ್ತಿ ಎಳೆ ಹಾಗೆ ಬೆಳ್ಳಗೆ ಏನೋ ಎದ್ದು ನಿಂತಿತ್ತು. ಬೆರಳಲ್ಲಿ ಸವರಿದೆ, ಹೋಯಿತು. ಸದ್ಯ ಅಂದುಕೊಂಡು ಒಳಗೆ ಹೋದೆ. ಮಾರನೇ ದಿನ ನೋಡಿದರೆ ಮತ್ತೆ ಅದೇ, ಈ ಸಲ ಇನ್ನೂ ಜಾಸ್ತಿ. ನಾಲಿಗೆಗೆ ತಾಗಿಸಿ ನೋಡಬಾರದಿತ್ತು, ನೋಡಿದೆ. ಸೌಳು ರುಚಿ.

ಗೋಡೆ ಅಂದರೆ ಮನೆಯದಲ್ಲ, ಶ್ವೀಟ್ಸ್ ಅನ್ನೋ ಊರಲ್ಲಿರುವ ಚಿತ್ರ ಬರೆದ ಗೋಡೆಯೊಂದರ ಪುಟ್ಟ ಮಾದರಿ, ನಾನೇ ಮಾಡಿದ್ದು. ಇದು ಸುಮಾರು ಅರ್ಧ ವರ್ಷ ನಡೆದ ಕೆಲಸ. ಮುಗಿದಿದೆ ಅಂತ ಹೇಳಲಾರೆ, ಆದರೆ ಕೆಟ್ಟಿದ್ದೆಲ್ಲ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ.

ನಾನು ಇರುವುದು ಜ್ಯೂರಿಕ್ ಹತ್ತಿರ. ಹಳೇ ಕಟ್ಟಡಗಳ ಮಾದರಿ ಮಾಡುವುದು ನನ್ನ ಹುಚ್ಚು. ಇಲ್ಲಿವರೆಗೆ ಎಲ್ಲ ರಟ್ಟು, ತೆಳು ಪ್ಲೈವುಡ್, ಅಂಗಡಿಯ ಆಕ್ರಿಲಿಕ್ ಬಣ್ಣ, ಇಷ್ಟರಲ್ಲೇ. ಹೋದ ವರ್ಷ ಒಂದು ಶನಿವಾರ ಸುಮ್ನೆ ಶ್ವೀಟ್ಸ್‌ಗೆ ಹೋಗಿದ್ದೆವು. ಸ್ವಿಟ್ಜರ್ಲೆಂಡ್ ಅನ್ನೋ ದೇಶದ ಹೆಸರು ಬಂದಿದ್ದೇ ಈ ಊರಿನಿಂದ, ದೇಶದ ಕೆಂಪು ಬಾವುಟದ ಮೂಲವೂ ಇವರದೇ ಬಾವುಟ. ಅಷ್ಟೆಲ್ಲ ಹೆಸರಿದ್ದರೂ ರೈಲು ನಿಲ್ಲುವುದು ಊರಲ್ಲಲ್ಲ, ಪಕ್ಕದ ಜೇವೆನ್‌ನಲ್ಲಿ. ಅಲ್ಲಿಂದ ಬಸ್ಸು ಹಿಡಿಯಬೇಕು. ಬಸ್ಸು ಇಳಿದರೆ ಎದುರಿಗೆ ಮೀಟೆನ್ ಬೆಟ್ಟದ ಎರಡು ಕೋಡು, ದೊಡ್ಡದು 1898 ಮೀಟರ್, ಊರಿನ ತಲೆ ಮೇಲೇ ಬಂದು ನಿಂತ ಹಾಗೆ. ಬೆಟ್ಟದ ಕಾಲ ಬುಡದಲ್ಲಿ ಒಂದು ಚೌಕ. ಒಂದು ಬದಿಗೆ ಸಂತ ಮಾರ್ಟಿನ್ ಚರ್ಚು. ಅಲ್ಲೇ, ಮೈ ತುಂಬ ಚಿತ್ರ ಬರೆಸಿಕೊಂಡು ನಿಂತಿರುವ ರಾಟ್‌ಹೌಸ್, ಅಂದರೆ ಊರಿನ ಆಡಳಿತದ ಮನೆ.

ಇವರು ಶ್ವೀಟ್ಸನ್ನು ನಗರ ಅನ್ನುವುದಿಲ್ಲ. ಹಳ್ಳಿ ಅಂತಲೂ ಪೂರ್ತಿ ಅನ್ನುವುದಿಲ್ಲ. ‘ಫ್ಲೆಕೆನ್’ ಅಂತ ಕರೆಯುತ್ತಾರೆ. ನಮ್ಮಲ್ಲಿ ಸಂತೆ ನಡೆಯುವ ದೊಡ್ಡ ಹಳ್ಳಿ ಇರುತ್ತಲ್ಲ, ಕೋಟೆಯಿಲ್ಲ, ಪೇಟೆ ಇದೆ, ಸುತ್ತಲಿನವರೆಲ್ಲ ಅಲ್ಲಿಗೇ ಬರಬೇಕು, ಅಂಥದ್ದು.

ಗೋಡೆ ನೋಡಿ ನನಗೆ ಅನಿಸಿದ್ದು: ಆಹಾ, ನಾನೂರು ವರ್ಷದ ಹಳೇ ಚಿತ್ರ! ಹೆಂಡತಿಗೂ ಹಾಗೇ ವಿವರಿಸಿದೆ, ಪಂಡಿತನ ಹಾಗೆ. ಮನೆಗೆ ಬಂದು ಓದಿದರೆ ಪೂರ್ತಿ ತಪ್ಪು. ಗೋಡೆ ಹಳೆಯದು, ಚಿತ್ರ ಹೊಸದು. 1642ರಲ್ಲಿ ಊರಿಗೆ ಬೆಂಕಿ ಬಿದ್ದು ನಡು ಊರೇ ಸುಟ್ಟುಹೋಯಿತು, ಚರ್ಚು ಹೋಯಿತು, ಆಗಿನ ರಾಟ್‌ಹೌಸೂ ಹೋಯಿತು. ಆಮೇಲೆ ಚೌಕವನ್ನು ಅಗಲ ಮಾಡಿ ಊರನ್ನು ಹೊಸದಾಗಿ ಹಾಕಿದರು. ಈಗಿರುವ ರಾಟ್‌ಹೌಸ್ ಎದ್ದಿದ್ದು ಆಗಲೇ, 1640ರ ದಶಕದ ನಡುವಿನ ಹೊತ್ತಿಗೆ. ಚಿತ್ರ ಮಾತ್ರ 1891ರದ್ದು. ಬರೆದವರು ಮ್ಯೂನಿಕ್‌ನ ಫರ್ಡಿನಾಂಡ್ ವಾಗ್ನರ್. ಸಂಗೀತದ ವಾಗ್ನರ್ ಬೇರೆ, ಇವರು ಬೇರೆ. ಅಂದರೆ ಸುಮಾರು ಇನ್ನೂರೈವತ್ತು ವರ್ಷ ಈ ಕಟ್ಟಡ ಈ ಮುಖ ಇಲ್ಲದೆಯೇ ನಿಂತಿತ್ತು.

ಬೆಂಕಿ ವಿಷಯ ಒಂದು ಮಾತು ಹೇಳಿಬಿಡುತ್ತೇನೆ, ಗೋಡೆ ಅರ್ಥವಾಗಬೇಕಾದರೆ ಅದು ಬೇಕು. ಈ ಕಣಿವೆಗಳಲ್ಲಿ ‘ಫ್ಯೋನ್’ ಅಂತ ಒಂದು ಗಾಳಿ ಬೀಸುತ್ತದೆ. ದಕ್ಷಿಣದಿಂದ ಆಲ್ಪ್ಸ್ ಹತ್ತಿ, ತೇವವನ್ನೆಲ್ಲ ಅಲ್ಲೇ ಸುರಿದು, ಈಚೆ ಬದಿಗೆ ಇಳಿಯುವಾಗ ಒಣಗಿ ಬಿಸಿಯಾಗಿ ಜೋರಾಗಿ ನುಗ್ಗುತ್ತದೆ. ಮರದ ಮನೆಗಳ ಊರಿಗೆ ಅದು ಯಮ. 1861ರಲ್ಲಿ ಗ್ಲಾರುಸ್ ಊರು ಸುಟ್ಟಿದ್ದು ಫ್ಯೋನ್ ರಾತ್ರಿಯಲ್ಲೇ. ಗಾಳಿ ಎದ್ದ ರಾತ್ರಿ ಬೆಂಕಿ ಕಾಯುವುದಕ್ಕೆ ಅಂತಲೇ ಊರೂರಲ್ಲಿ ಕಾವಲು ಇಡುತ್ತಿದ್ದರು. ಹಾಗಂತ ಮರದ ಮನೆ ಎಲ್ಲ ಹೋಗೇಬಿಡುತ್ತದೆ ಅಂತಲೂ ಅಲ್ಲ: ಇದೇ ಶ್ವೀಟ್ಸ್‌ನಲ್ಲಿ ‘ಬೆತ್ಲೆಹೆಮ್’ ಅನ್ನೋ ಮರದ ಮನೆ 1287ರಿಂದ ನಿಂತಿದೆ. ತೊಲೆಯ ಉಂಗುರ ಎಣಿಸಿ ವರ್ಷ ಹೇಳಿದ್ದಾರೆ. ಸ್ವಿಟ್ಜರ್ಲೆಂಡ್ ಹುಟ್ಟಿದ್ದೇ ಇದರಿಂದ ಅಂತ ಹೇಳುವ 1291ರ ಒಪ್ಪಂದ ಪತ್ರಕ್ಕಿಂತ ನಾಲ್ಕು ವರ್ಷ ದೊಡ್ಡದು ಆ ಮನೆ.

ಸರಿ, ಈಗ ಯಾವ ವರ್ಷದ ರಾಟ್‌ಹೌಸ್ ಮಾಡಬೇಕು? ಮಾದರಿ ಮಾಡುವವರಿಗೆ ಇದು ದೊಡ್ಡ ತಲೆನೋವು. ಸುಟ್ಟ ಮೇಲೆ ಕಟ್ಟಿದಾಗ ಹೇಗಿತ್ತೋ ಹಾಗೆ ಮಾಡೋಣ ಅಂದರೆ ಬರೀ ಊಹೆ. ಇವತ್ತು ಇರುವ ಹಾಗೆ ಮಾಡೋಣ ಅಂದರೆ ಆ ಚಿತ್ರಗಳನ್ನೆಲ್ಲ ಬರೆಯಬೇಕು, ನಾನು ಚಿತ್ರಗಾರ ಅಲ್ಲ. ಒಂದು ವಾರ ಹೀಗೇ ತೂಗಿ ಕೊನೆಗೆ ಛಾವಣಿ, ಹಿಂಬದಿ, ಮೆಟ್ಟಿಲು ಎಲ್ಲವನ್ನೂ ಕೈಬಿಟ್ಟೆ. ಶ್ವೀಟ್ಸ್‌ನವರು ಗೆದ್ದ ಮೋರ್ಗಾರ್ಟನ್ ಯುದ್ಧದ ಚಿತ್ರ ಇರುವ ಗೋಡೆಯ ಒಂದು ತುಂಡು ಮಾತ್ರ, 1:50 ಅಳತೆಯಲ್ಲಿ, ಆದರೆ ನಿಜವಾದ ಸುಣ್ಣದ ಗಾರೆ ಮೇಲೆ, ನಿಜವಾಗಿ ಅವರು ಬಳಸಿದ ಜಾತಿಯ ಬಣ್ಣದಲ್ಲಿ.

ಯಾಕೆಂದರೆ ನನಗೆ ಆ ಚಿತ್ರ ಅಷ್ಟೇನೂ ಇಷ್ಟವಿಲ್ಲ, ನಿಜ ಹೇಳಬೇಕೆಂದರೆ. ಹತ್ತೊಂಬತ್ತನೇ ಶತಮಾನದ ದೇಶಭಕ್ತಿ, ಎಲ್ಲರ ಗಡ್ಡವೂ ಗಾಳಿಗೆ ಹಾರುತ್ತಿರುತ್ತದೆ. ನನಗೆ ಇಷ್ಟವಾಗಿದ್ದು ಬಣ್ಣ. ಹಿಮ, ಮಳೆ, ಫ್ಯೋನ್, ಬಿಸಿಲು ಎಲ್ಲ ಹೊಡೆಯುವ ಬಯಲು ಗೋಡೆಯ ಮೇಲೆ ಚಿತ್ರ ಹೇಗೆ ನಿಲ್ಲುತ್ತದೆ?

ಬವೇರಿಯಾದ ದೊರೆ ಒಂದನೇ ಲುಡ್ವಿಗ್‌ಗೆ ಇಟಲಿಯ ಗೋಡೆ ಚಿತ್ರಗಳ ಮೇಲೆ ಮೋಹ, ಅಂಥವು ತನ್ನ ನಾಡಲ್ಲೂ ಬೇಕು ಅಂತ ಆಸೆ ಇತ್ತು ಅಂತ ಹೇಳುತ್ತಾರೆ. ಆದರೆ ಆಲ್ಪ್ಸ್‌ನ ಈ ಬದಿಯ ಚಳಿಗೆ ಸುಣ್ಣದ ಬಣ್ಣ ಕೆಲವೇ ವರ್ಷ ನಿಂತು ಉದುರುತ್ತಿತ್ತು. ಇದಕ್ಕೆ ಮದ್ದು ಹುಡುಕಿದವರು ಆಡಾಲ್ಫ್ ವಿಲ್ಹೆಲ್ಮ್ ಕೈಮ್. 1878ರಲ್ಲಿ ಪೇಟೆಂಟ್ ಸಿಕ್ಕಿತು. ಅವರ ಗುಟ್ಟು ವಾಸರ್‌ಗ್ಲಾಸ್, ನಾನು ನೀರುಗಾಜು ಅಂತಲೇ ಕರೆಯುತ್ತೇನೆ. ಮರಳನ್ನು ಪೊಟ್ಯಾಶ್ ಜೊತೆ ಕರಗಿಸಿದರೆ ಒಂದು ಬಗೆಯ ಗಾಜು ಆಗುತ್ತದೆ, ಅದನ್ನು ನೀರಲ್ಲಿ ಕರಗಿಸಬಹುದು. ಪದಾರ್ಥ ಕೈಮ್‌ಗಿಂತ ಹಳೆಯದು, ಮ್ಯೂನಿಕ್‌ನ ಯೋಹಾನ್ ನೆಪೊಮುಕ್ ಫುಕ್ಸ್ ಎಷ್ಟೋ ಮೊದಲೇ ಅದರ ಮೇಲೆ ಕೆಲಸ ಮಾಡಿದ್ದರು, ಚಿತ್ರಕ್ಕೂ ಬಳಸಿ ನೋಡಿದ್ದರು. ಯಾವ ಗಾರೆ, ಯಾವ ಬಣ್ಣದ ಪುಡಿ, ಯಾವ ಕ್ರಮ ಅಂತ ಪೂರ್ತಿ ಕೂಡಿಸಿ ನಿಲ್ಲುವ ಹಾಗೆ ಮಾಡಿದ್ದು ಕೈಮ್. ಅವರ ಬಣ್ಣದ ಮೊದಮೊದಲ ಕೆಲಸಗಳಲ್ಲಿ ಉಳಿದವು ಯಾವುವು ಅಂದರೆ ಸ್ಟೈನ್ ಆಮ್ ರೈನ್, ಟ್ರೌನ್‌ಸ್ಟೈನ್, ಓಸ್ಲೋ ಜೊತೆ ಶ್ವೀಟ್ಸ್ ಹೆಸರೂ ಬರುತ್ತದೆ.

ಮಾಮೂಲಿ ಪೇಂಟು ಗೋಡೆ ಮೇಲೆ ಒಂದು ಪೊರೆಯಾಗಿ ಕೂರುತ್ತದೆ. ಇದು ಹಾಗಲ್ಲ. ನೀರುಗಾಜು ಗಾರೆಯೊಳಗೆ ಇಳಿದು, ಸುಣ್ಣದ ಜೊತೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಕಲ್ಲಾಗುತ್ತದೆ, ಬಣ್ಣದ ಕಣಗಳನ್ನು ಒಳಗೇ ಹಿಡಿದುಕೊಂಡು. ಪೊರೆ ಇಲ್ಲ, ಹಾಗಾಗಿ ಸುಲಿಯುವುದಕ್ಕೂ ಏನಿಲ್ಲ. ಗೋಡೆಯೊಳಗಿನ ತೇವ ಆರಾಮಾಗಿ ಹೊರಗೆ ಹೋಗುತ್ತದೆ. ಚಳಿಗಾಲದಲ್ಲಿ ಪೊರೆಯ ಹಿಂದೆ ನೀರು ನಿಂತು ಹೆಪ್ಪುಗಟ್ಟಿ ಪದರ ಎಬ್ಬಿಸುವ ತಂಟೆಯೇ ಇಲ್ಲ.

ಓದಿದಾಗ ಎಷ್ಟು ಸುಲಭ ಅನಿಸಿತ್ತು.

ಅಳತೆಗೆ ಇಲ್ಲಿನ ಸರ್ಕಾರದ ಆನ್‌ಲೈನ್ ನಕ್ಷೆ ಸಾಕಾಯ್ತು, ಕಟ್ಟಡದ ಅಂಚಿನ ಮೇಲೆ ಗೆರೆ ಎಳೆದರೆ ಮೀಟರ್ ಲೆಕ್ಕ ಅದೇ ಹೇಳುತ್ತದೆ. ಎತ್ತರಕ್ಕೆ ಇನ್ನೊಂದು ಸಲ ಹೋಗಿ, ಗೋಡೆಗೆ ಒಂದು ಮೀಟರ್ ಕೋಲು ಆನಿಸಿ ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆದೆ. “ರೀ, ಜನ ನೋಡ್ತಿದ್ದಾರೆ, ಬೇಗ ತೆಗೀರಿ” ಅಂದಳು. ನೋಡುತ್ತಿದ್ದರು, ನಿಜ. 1:50ರಲ್ಲಿ ಒಬ್ಬ ಆಳು ಮೂರೂವರೆ ಸೆಂಟಿಮೀಟರ್ ಬರುತ್ತಾನೆ. ನನ್ನ ಹೆಬ್ಬೆರಳ ಮೇಲಿನ ಎರಡು ಗಿಣ್ಣಿಗಿಂತ ಕಡಿಮೆ.

ಮೊದಲ ಗೋಡೆಯನ್ನು ಪಿಒಪಿಯಲ್ಲಿ ಎರಕ ಹೊಯ್ದೆ. ನುಣ್ಣಗೆ, ಬೆಳ್ಳಗೆ, ಅರ್ಧ ಗಂಟೆಯಲ್ಲಿ ಗಟ್ಟಿ. ಅದರ ಮೇಲೆ ನೀರುಗಾಜು ಬಳಿದ ಕ್ಷಣವೇ ಅದು ಲೋಳೆಯಾಗಿ ಮೇಲ್ಗಡೆಯೇ ನಿಂತಿತು, ಒಳಗೆ ಇಳಿಯಲೇ ಇಲ್ಲ, ಒಣಗಿದ ಮೇಲೆ ಉಗುರಿನಲ್ಲಿ ಎಬ್ಬಿಸಿದರೆ ಈರುಳ್ಳಿ ಸಿಪ್ಪೆ ಹಾಗೆ ಬಂತು. ಪಿಒಪಿ ಅಂದರೆ ಜಿಪ್ಸಮ್. ಜಿಪ್ಸಮ್‌ಗೂ ಈ ಬಣ್ಣಕ್ಕೂ ಆಗಿಬರುವುದಿಲ್ಲ ಅಂತ ಎಲ್ಲ ಕಡೆ ಬರೆದಿದ್ದಾರೆ. ನಾನು ಓದಿದ್ದು ಆಮೇಲೆ.

ಸುಣ್ಣ ಅಂದ ಕೂಡಲೇ ನೆನಪಾಗಿದ್ದು ನಮ್ಮ ಸೋದರಮಾವ. ತಿಪಟೂರು ಕಡೆ ಇದ್ದಾರೆ. ಅವರ ತಂದೆ ಗಾರೆ ಮೇಸ್ತ್ರಿ, ಇವರೂ ಹುಡುಗನಾಗಿದ್ದಾಗ ಗಾರೆ ಗಾಣದ ಎತ್ತು ಹೊಡೆದವರು, ಆಮೇಲೆ ಸಿಮೆಂಟು ಬಂದು ಎಲ್ಲ ನಿಂತುಹೋಯಿತು. ವಿಡಿಯೋ ಕಾಲ್ ಮಾಡಿದೆ.

“ಏನಳಿಯಂದಿರೇ, ಆ ದೇಶದಲ್ಲಿ ಸುಣ್ಣ ಸಿಗುತ್ತೇನೋ?”

ಸಿಗುತ್ತದೆ ಮಾವ, ಕೊಳೆಸಿದ ಸುಣ್ಣವೇ ಬಕೆಟ್‌ನಲ್ಲಿ ಸಿಗುತ್ತದೆ ಅಂದೆ. ಇಲ್ಲಿ ಅದಕ್ಕೆ ಸುಂಪ್‌ಕಾಲ್ಕ್ ಅನ್ನುತ್ತಾರೆ, ಗುಂಡಿಯಲ್ಲಿ ನೀರು ನಿಲ್ಲಿಸಿ ವರ್ಷಗಟ್ಟಲೆ ಇಟ್ಟ ಸುಣ್ಣ. ಮಾವನಿಗೆ ಖುಷಿಯೋ ಖುಷಿ. “ಬೆಣ್ಣೆ ಹಂಗಿರಬೇಕು, ಕರಣೆಗೆ ಅಂಟಬಾರದು, ಜಾರಬೇಕು.” ಬೆಲ್ಲದ ನೀರು ಹಾಕು, ಅಳಲೆಕಾಯಿ ಹಾಕು ಅಂತ ಶುರು ಮಾಡಿದರು. ನೀರುಗಾಜಿನ ಕೆಳಗೆ ಅಂಥದ್ದೇನೂ ಇರಬಾರದು ಅಂತ ಕಷ್ಟಪಟ್ಟು ಒಪ್ಪಿಸಿದೆ. ಒಪ್ಪಿದರೋ ಇಲ್ಲವೋ. ಕೊನೆಗೆ ಒಂದು ಮಾತು ಹೇಳಿದರು: “ಒಂದೇ ಮಾಡಬೇಡ, ನಾಲ್ಕು ಮಾಡು. ಮೂರು ಕೆಡ್ತವೆ.”

ನಾಲ್ಕು ಮಾಡಿದೆ. ಮೆರುಗು ಇಲ್ಲದ ಮಣ್ಣಿನ ಟೈಲ್ಸ್ ತಂದು ರಾತ್ರಿಯಿಡೀ ನೀರಲ್ಲಿ ನೆನೆಹಾಕಿದೆ. ಒಣ ಟೈಲಿಗೆ ಗಾರೆ ಹಾಕಿದರೆ ಅದು ನೀರನ್ನೆಲ್ಲ ಹೀರಿ ಗಾರೆ ಸುಟ್ಟುಹೋಗುತ್ತದೆ, ಪುಡಿಪುಡಿ ಆಗುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆ ಪಾಲು ಮರಳು. ಮೊದಲ ಪದರ ಒರಟು ಮರಳಿನದು, ಅದು ಬಿಗಿಯುವಾಗ ಫೋರ್ಕಿನಿಂದ ಗೀರಿದೆ. ಎರಡನೇದು ಸಣ್ಣ ಮರಳು, ತೆಳ್ಳಗೆ. ಬಟ್ಟೆ ಒದ್ದೆ ಮಾಡಿ ಹೊದಿಸಿ, ದಿನಕ್ಕೆ ಎರಡು ಸಲ ನೀರು ಚಿಮುಕಿಸಿ, ಆಮೇಲೆ ಒಂದು ತಿಂಗಳು ಸುಮ್ಮನೆ ಬಿಟ್ಟೆ. ಸಿಮೆಂಟಿಗೆ ಹೋಲಿಸಿದರೆ ಸುಣ್ಣಕ್ಕೆ ಅವಸರವೇ ಇಲ್ಲ, ಗಾಳಿ ಕುಡಿದು ಕುಡಿದು ನಿಧಾನಕ್ಕೆ ಗಟ್ಟಿಯಾಗುತ್ತದೆ. ಕೊನೆಯಲ್ಲಿ ಮೇಲೆ ಒಂದು ನುಣುಪು ಚರ್ಮ ಕಟ್ಟಿರುತ್ತದೆ, ಅದನ್ನು ಕಲ್ಲಿನಿಂದ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ನೀರುಗಾಜು ಒಳಗೆ ಇಳಿಯಲ್ಲ. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ. ಕೈಗವಸು ಕೂಡ. ನಾನು ಮೊದಲ ದಿನ ಕೈಗವಸು ಹಾಕದೆ ಬೆರಳ ತುದಿಯೆಲ್ಲ ಬಿರುಕು ಬಿಟ್ಟು, ಎರಡು ದಿನ ಚಪಾತಿ ಮುರಿಯುವುದಕ್ಕೂ ಉರಿ.

ಆ ಒಂದು ತಿಂಗಳಲ್ಲಿ ಚಿತ್ರ ಬರೆದುಕೊಂಡೆ. ಮೋರ್ಗಾರ್ಟನ್ ಯುದ್ಧ ನಡೆದಿದ್ದು 1315ರ ನವೆಂಬರ್ 15ರಂದು. ಆಸ್ಟ್ರಿಯಾ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಡ್ಯೂಕ್ ಲಿಯೋಪೋಲ್ಡ್ ಕುದುರೆ ಸವಾರರ ಸೇನೆ ಕಟ್ಟಿಕೊಂಡು ಏಗೆರಿ ಕೆರೆಯ ಅಂಚಿನ ಇಕ್ಕಟ್ಟಾದ ದಾರಿಯಲ್ಲಿ ಬರುತ್ತಾನೆ. ಮೇಲಿನಿಂದ ಶ್ವೀಟ್ಸ್‌ನವರು ಮರದ ದಿಮ್ಮಿ, ಬಂಡೆ ಉರುಳಿಸಿ, ಕುದುರೆಗಳು ತಿರುಗುವುದಕ್ಕೂ ಜಾಗ ಇಲ್ಲದಾಗ ಮೇಲೆ ಬೀಳುತ್ತಾರೆ ಅಂತ ಕಥೆ. ಚಿತ್ರಕ್ಕೆ ಹೇಳಿ ಮಾಡಿಸಿದ ವಿಷಯ: ಎತ್ತರದಲ್ಲಿ ರೈತರು, ತಗ್ಗಿನಲ್ಲಿ ಕಬ್ಬಿಣದ ಅಂಗಿ ತೊಟ್ಟ ಸವಾರರು, ಮಧ್ಯೆ ಉರುಳುವ ಬಂಡೆ.

1891ರಲ್ಲೇ ಇದನ್ನು ಯಾಕೆ ಬರೆಸಿದರು ಅಂದರೆ, ಆ ವರ್ಷ ದೇಶಕ್ಕೆ ಆರುನೂರು ತುಂಬಿತು ಅಂತ ಹಬ್ಬ. ಆಗಸ್ಟ್ ಮೊದಲಲ್ಲಿ ಶ್ವೀಟ್ಸ್‌ನಲ್ಲೇ ದೊಡ್ಡ ಸಮಾರಂಭ ನಡೆಯಿತು. ತಮಾಷೆ ಏನೆಂದರೆ ಅದಕ್ಕೆ ಮೊದಲು ಬಹಳ ಜನ ದೇಶ ಹುಟ್ಟಿದ್ದು 1307ರಲ್ಲಿ ಅಂತ ಎಣಿಸುತ್ತಿದ್ದರು. 1291ರ ಒಪ್ಪಂದ ಪತ್ರ ಎಷ್ಟೋ ಕಾಲ ಯಾರೂ ಗಮನ ಕೊಡದೆ ಬಿದ್ದಿತ್ತು, ಹದಿನೆಂಟನೇ ಶತಮಾನದಲ್ಲಿ ಶ್ವೀಟ್ಸ್ ದಫ್ತರದಲ್ಲಿ ಕಣ್ಣಿಗೆ ಬಿತ್ತು. ರಾಟ್‌ಹೌಸ್ ಹತ್ತಿರವೇ ಇರುವ ಹಳೇ ಕಲ್ಲಿನ ಗೋಪುರವೇ ಆಗ ಇವರ ದಫ್ತರದ ಮನೆಯಾಗಿತ್ತು. 1936ರಲ್ಲಿ ಪತ್ರಕ್ಕೆ ಅಂತಲೇ ಬೇರೆ ಕಟ್ಟಡ ಕಟ್ಟಿಸಿದರು. ಹಾಗಾಗಿ ಈ ಗೋಡೆ ಮೇಲಿನ ಚಿತ್ರ ಮಧ್ಯಯುಗದ ಬಗ್ಗೆ ಹೇಳುವುದಕ್ಕಿಂತ 1891ರ ಜನಕ್ಕೆ ತಮ್ಮ ಬಗ್ಗೆ ಏನನಿಸಿತ್ತು ಅನ್ನೋದನ್ನೇ ಜಾಸ್ತಿ ಹೇಳುತ್ತದೆ ಅಂತ ನನ್ನ ಲೆಕ್ಕ.

ಇನ್ನೊಂದು ಸಂಗತಿ: ಅದೇ 1891ರಲ್ಲಿ ಇದೇ ಶ್ವೀಟ್ಸ್‌ಗೆ ಸೇರಿದ ಇಬಾಖ್‌ನ ಕಾರ್ಲ್ ಎಲ್ಸೆನರ್ ಸೈನ್ಯಕ್ಕೆ ಮಡಚುವ ಚಾಕು ಕೊಡಲು ಶುರು ಮಾಡಿದರು. ಆ ಕಂಪನಿಯೇ ಈಗಿನ ವಿಕ್ಟೋರಿನಾಕ್ಸ್. ನಾನು ಗಾರೆ ಅಂಚು ಕೆರೆದಿದ್ದೆಲ್ಲ ಅದೇ ಚಾಕುವಿನಲ್ಲಿ, ಹಾಗಾಗಿ ಉಪಕರಣ ಮಾತ್ರ ಪಕ್ಕಾ ಸ್ಥಳೀಯ.

ಚಿತ್ರವನ್ನು ಟೈಲಿಗೆ ಇಳಿಸುವುದಕ್ಕೆ ಹಳೇ ಉಪಾಯ. ಕಾಗದದ ಮೇಲಿನ ಗೆರೆ ಉದ್ದಕ್ಕೂ ಸೂಜಿಯಲ್ಲಿ ತೂತು ಚುಚ್ಚಿ, ಗಾರೆ ಮೇಲಿಟ್ಟು, ಇದ್ದಿಲ ಪುಡಿ ಕಟ್ಟಿದ ಬಟ್ಟೆ ಗಂಟಿನಿಂದ ತಟ್ಟುವುದು. ಅಮ್ಮ ರವಿಕೆ ಕಸೂತಿಗೆ ಹೀಗೇ ಮಾಡುತ್ತಿದ್ದಳು, ಅವಳದು ನೀಲಿ ಪುಡಿ. ಕಾಗದ ಎತ್ತಿದರೆ ಚುಕ್ಕಿ ಚುಕ್ಕಿಯಾಗಿ ಮೂವತ್ತು ಆಳು, ಹನ್ನೊಂದು ಕುದುರೆ. ಈ ಒಂದು ಹೊತ್ತು ಮಾತ್ರ ಇಡೀ ಕೆಲಸದಲ್ಲಿ ಏನೂ ಕೆಡಲಿಲ್ಲ.

ಬಣ್ಣ ಹಾಕುವ ಕ್ರಮ ಹೀಗೆ. ಬಣ್ಣದ ಪುಡಿಯನ್ನು ಬರೀ ನೀರಲ್ಲಿ ಅರೆದು ಒಣಗಿದ ಗಾರೆ ಮೇಲೆ ಬರೆಯುವುದು. ಆಗ ಅದಕ್ಕೆ ಯಾವ ಹಿಡಿತವೂ ಇಲ್ಲ, ಊದಿದರೆ ಹೋಗುತ್ತದೆ. ಆಮೇಲೆ ತೆಳು ಮಾಡಿದ ನೀರುಗಾಜನ್ನು ಸಣ್ಣ ತುಂತುರಾಗಿ ಮೇಲೆ ಸಿಂಪಡಿಸಿ ಕಟ್ಟಿಹಾಕುವುದು. ಮೊದಲ ಟೈಲಿಗೆ ನಾನು ಊರಿನ ಅಂಗಡಿಯಲ್ಲಿ ಸುಲಭಕ್ಕೆ ಸಿಕ್ಕ ನೀರುಗಾಜು ತಂದೆ. ಬಾಟಲಿ ಮೇಲೆ ವಾಸರ್‌ಗ್ಲಾಸ್ ಅಂತಲೇ ಬರೆದಿತ್ತು. ಸಣ್ಣ ಅಕ್ಷರ ಓದಲಿಲ್ಲ. ಅದು ಸೋಡಿಯಂದು. ಬೇಕಾಗಿದ್ದು ಪೊಟ್ಯಾಸಿಯಂದು.

ಇಲ್ಲಿಗೆ ನಾನು ಶುರುವಿನಲ್ಲಿ ಹೇಳಿದ ಬೆಳಗಿಗೆ ಬಂದೆವು. ನೀರುಗಾಜು ಗಾಳಿಗೆ ಬಿದ್ದು ಗಟ್ಟಿಯಾಗುವಾಗ ಒಂದು ಉಪ್ಪನ್ನು ಹೊರಗೆ ಬಿಡುತ್ತದೆ. ಪೊಟ್ಯಾಸಿಯಂದಾದರೆ ಹೊರಗೆ ಬರುವ ಉಪ್ಪು ಗಾಳಿಯ ತೇವ ಹೀರಿ ನೀರಾಗಿ ಕಾಣದೆ ಹೋಗುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ಸೋಡಿಯಂದಾದರೆ ಬರುವುದು ಬಟ್ಟೆ ಸೋಡಾ, ಅದು ಹರಳು ಕಟ್ಟಿ ಗೋಡೆ ಮೇಲೆ ಕೂರುತ್ತದೆ. ನಮ್ಮೂರ ಕಡೆ ಕೆರೆ ಬದಿಯಿಂದ ಬಟ್ಟೆ ಒಗೆಯುವುದಕ್ಕೆ ಕೆರೆದು ತರುತ್ತಿದ್ದ ಸೌಳು ಮಣ್ಣಿನಲ್ಲಿ ಇರುವುದೂ ಅದೇ. ಅಂದರೆ ನಾನು ಮೋರ್ಗಾರ್ಟನ್ ಯುದ್ಧದ ಮೇಲೆ ಸೌಳು ಬೆಳೆದಿದ್ದೆ. ಹತ್ತು ದಿನ ಒರೆಸಿದೆ, ಹತ್ತು ದಿನವೂ ಬಂತು. ಟೈಲ್ ಒಂದು ಹೋಯಿತು.

ಎರಡನೇದಕ್ಕೆ ಸರಿಯಾದ ಬಾಟಲಿ ತರಿಸಿದೆ. ತೆಳು ಮಾಡುವುದಕ್ಕೆ ನಲ್ಲಿ ನೀರು ಹಾಕಿದೆ, ಇಲ್ಲಿನ ನೀರು ಗಡಸು, ಹಾಕುತ್ತಿದ್ದ ಹಾಗೇ ಹಾಲು ಒಡೆದಂತೆ ಚೂರು ಚೂರು ಆಯಿತು. ಅದನ್ನು ಚೆಲ್ಲಿ ಇಸ್ತ್ರಿ ಪೆಟ್ಟಿಗೆಗೆ ಹಾಕುವ ಡಿಸ್ಟಿಲ್ಡ್ ನೀರು ತಂದೆ. ಇದು ಸಣ್ಣ ತಪ್ಪು, ಬಿಡಿ. ದೊಡ್ಡದು ಆಕಾಶದ್ದು.

ಆಕಾಶಕ್ಕೆ ನನ್ನ ಹತ್ತಿರ ಪ್ರಷ್ಯನ್ ನೀಲಿ ಇತ್ತು. ಎಂಥಾ ಬಣ್ಣ ಅದು! ನೀರಲ್ಲಿ ಅರೆದರೆ ಮೋಡ ಮುಚ್ಚಿದ ಸಂಜೆ, ಮೀಟೆನ್ ಕೋಡುಗಳ ಹಿಂದೆ ನೋಡಿದ್ದೆನಲ್ಲ, ಅದೇ. ಬರೆದು, ಸಿಂಪಡಿಸಿ, ತೃಪ್ತಿಯಿಂದ ಮಲಗಿದೆ. ಎದ್ದರೆ ಆಕಾಶ ತುಕ್ಕು ಹಿಡಿದಿತ್ತು. ಉತ್ಪ್ರೇಕ್ಷೆ ಅಲ್ಲ, ನಿಜವಾಗಿ ತುಕ್ಕು. ಪ್ರಷ್ಯನ್ ನೀಲಿ ಅಂದರೆ ಕಬ್ಬಿಣದ ಸಂಯುಕ್ತ. ಸುಣ್ಣ, ನೀರುಗಾಜು ಎರಡೂ ಕ್ಷಾರ. ಕ್ಷಾರ ತಗುಲಿದರೆ ಆ ನೀಲಿ ಒಡೆದು ಕಬ್ಬಿಣದ ಕಂದು ಉಳಿಯುತ್ತದೆ. ಗಡ್ಡ ಹಾರಿಸುತ್ತಿದ್ದ ರೈತರ ಹಿಂದೆ ಊರೇ ಹೊತ್ತಿ ಉರಿಯುತ್ತಿರುವ ಹಾಗೆ ಕಾಣುತ್ತಿತ್ತು. 1315ರ ಬದಲು 1642 ಬರೆದಂತಾಯಿತು. ಆ ಟೈಲನ್ನು ಎಸೆದಿಲ್ಲ. ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಡುವುದಕ್ಕೆ ಬಳಸುತ್ತಿದ್ದೇವೆ.

ಕೈಮ್ ಪದ್ಧತಿಯಲ್ಲಿ ಯಾವ ಪುಡಿ ಬೇಕಾದರೂ ಹಾಕುವ ಹಾಗಿಲ್ಲ ಅನ್ನುವುದು ಇದಕ್ಕೇ. ಕ್ಷಾರಕ್ಕೂ ಬಿಸಿಲಿಗೂ ಜಗ್ಗದ ಖನಿಜ ಬಣ್ಣಗಳು ಮಾತ್ರ. ಹಳದಿ ಓಕರ್, ಕಾವಿ, ಕ್ರೋಮಿಯಂ ಆಕ್ಸೈಡ್ ಹಸಿರು, ಕೋಬಾಲ್ಟ್ ನೀಲಿ, ಇಂಥವು. ಇವುಗಳಲ್ಲಿ ಮಿರಮಿರ ಮಿಂಚುವ ಬಣ್ಣ ಕಡಿಮೆ. ಆ ರಾಟ್‌ಹೌಸ್ ಗೋಡೆ ದೂರದಿಂದ ಮಣ್ಣಿನ ಸೌಮ್ಯ ಬಣ್ಣದಲ್ಲಿ ಕಾಣುವುದನ್ನು ನಾನು ಹಳೆಯದಾಗಿ ಮಾಸಿದ್ದು ಅಂದುಕೊಂಡಿದ್ದೆ. ಮಾಸುವುದಕ್ಕೆ ಮೊದಲೇ ಆ ಪೆಟ್ಟಿಗೆಯಲ್ಲಿದ್ದ ಬಣ್ಣಗಳೇ ಅಂಥವು ಅಂತ ಗೊತ್ತಾಗಿದ್ದು ಕೋಬಾಲ್ಟ್ ನೀಲಿಯ ಪೊಟ್ಟಣ ಬಿಚ್ಚಿದಾಗ.

ಅದೇ ದಿನ ಕನ್ನಡಕ ಹೋಯಿತು. ಮಾದರಿಯ ಕಿಟಕಿ ಗಾಜಿಗೆ ಮೈಕ್ರೋಸ್ಕೋಪಿನ ತೆಳು ಗಾಜು ಕತ್ತರಿಸಿ ಇಟ್ಟಿದ್ದೆ. ನೀರುಗಾಜು ಗಾಜಿನ ಮೇಲೆ ಬಿದ್ದು ಒಣಗಿದರೆ ಕಲೆ ಆಗುತ್ತದೆ, ಅದು ತೊಳೆದರೆ ಹೋಗುವ ಕಲೆಯಲ್ಲ, ಗಾಜನ್ನೇ ತಿಂದಿರುತ್ತದೆ ಅಂತ ಗೊತ್ತಿತ್ತು, ಅದಕ್ಕೇ ಪ್ರತಿ ಪುಟಾಣಿ ಕಿಟಕಿಗೂ ಟೇಪ್ ಅಂಟಿಸಿದ್ದೆ, ಬಾಲ್ಕನಿ ಬಾಗಿಲಿಗೂ ಪ್ಲಾಸ್ಟಿಕ್ ಹೊದಿಸಿದ್ದೆ. ಮೂಗಿನ ಮೇಲಿನ ಗಾಜು ಲೆಕ್ಕಕ್ಕೇ ಬರಲಿಲ್ಲ. ಗಾಳಿ ತಿರುಗಿ ತುಂತುರು ಮುಖಕ್ಕೇ ಬಂತು. ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮುಖ ತೊಳೆದು ಊಟ ಮಾಡಿ ಬಂದೆ. ಈಗ ಎಡಗಣ್ಣಲ್ಲಿ ನೋಡಿದರೆ ಯಾವಾಗಲೂ ಸಣ್ಣಗೆ ಹಿಮ ಬೀಳುತ್ತಿರುತ್ತದೆ. ಹೆಂಡತಿ ಹೇಳಿದ್ದು ಒಂದೇ ಮಾತು: “ಕಣ್ಣಿಗೆ ಬಿದ್ದಿದ್ರೆ ಏನ್ರೀ ಗತಿ?” ಅದಕ್ಕೆ ಉತ್ತರ ಇಲ್ಲ. ಆಮೇಲಿಂದ ಪೂರ್ತಿ ಮುಚ್ಚುವ ಪ್ಲಾಸ್ಟಿಕ್ ಕನ್ನಡಕ ಹಾಕುತ್ತೇನೆ, ನೀವೂ ಹಾಕಿ.

ಮೂರನೇ ಟೈಲಿಗೆ ಅತಿಯಾಸೆ ಕಾಟ. ಗಟ್ಟಿಯಾಗಲಿ ಅಂತ ಒಂದೇ ದಿನ ನಾಲ್ಕು ಕೈ ಸಿಂಪಡಿಸಿದೆ. ಹೀರಿಕೊಳ್ಳಲಾಗದೆ ಉಳಿದಿದ್ದು ಮೇಲೆ ಗಾಜಿನ ಪೊರೆಯಾಗಿ ನಿಂತು ಮಿಠಾಯಿ ಹಾಗೆ ಹೊಳೆಯಿತು. ಆಮೇಲೆ ಸೀಳು ಬಿಟ್ಟಿತು.

ಮೂರು ಕೆಟ್ಟವು. ಮಾವನ ಲೆಕ್ಕ ಸರಿ.

ನಾಲ್ಕನೇದಕ್ಕೆ ಕೈ ಹಚ್ಚುವ ಮೊದಲು ಮತ್ತೆ ಶ್ವೀಟ್ಸ್‌ಗೆ ಹೋದೆ, ಈ ಸಲ ಒಬ್ಬನೇ, ಹಕ್ಕಿ ನೋಡುವ ದುರ್ಬೀನು ಹಿಡಿದುಕೊಂಡು. ಒಂದೂವರೆ ಗಂಟೆ ಚೌಕದಲ್ಲಿ ಕೂತಿದ್ದೆ. ದುರ್ಬೀನಲ್ಲಿ ನೋಡಿದರೆ ಬಣ್ಣಕ್ಕೆ ಹೊಳಪೇ ಇಲ್ಲ, ಗಾರೆಯ ಮರಳು ಕಣ ಒಂದೊಂದೂ ಬಣ್ಣದೊಳಗಿಂದ ಕಾಣುತ್ತದೆ. ಅಷ್ಟರಲ್ಲಿ ಫೈಲು ಹಿಡಿದವರು ಒಬ್ಬೊಬ್ಬರೇ ಒಳಗೆ ಹೋದರು. ಈ ಮನೆ ಮ್ಯೂಸಿಯಂ ಅಲ್ಲ ಅನ್ನೋದು ಮರೆತೇಹೋಗಿತ್ತು. ಶ್ವೀಟ್ಸ್ ರಾಜ್ಯದ 100 ಮಂದಿಯ ಸಭೆ ಕೂರುವುದು ಇಲ್ಲೇ. ಒಳಗಿನ ಸಭಾಂಗಣದಲ್ಲಿ ಹಿಂದಿನ ಲಾಂಡಮ್ಮಾನ್‌ಗಳ, ಅಂದರೆ ನಾಡಿನ ಮುಖ್ಯಸ್ಥರ, ಚಿತ್ರಗಳ ಸಾಲು ಇದೆ. 1848ರವರೆಗೆ ಮಾತ್ರ ದೊಡ್ಡ ತೀರ್ಮಾನಗಳೆಲ್ಲ ಒಳಗೆ ಆಗುತ್ತಿರಲಿಲ್ಲ. ಇಬಾಖ್‌ನ ಬಯಲಲ್ಲಿ ಗಂಡಸರೆಲ್ಲ ನಿಂತು ಕೈ ಎತ್ತಿ ತೀರ್ಮಾನ ಮಾಡುತ್ತಿದ್ದರು, ದಿನನಿತ್ಯದ ಆಡಳಿತಕ್ಕಷ್ಟೇ ಈ ಮನೆ. ಕಿಟಕಿಯೊಂದು ತೆರೆಯಿತು, ಯಾರೋ ತಲೆ ಹಾಕಿ ಚೌಕದ ಕಡೆ ನೋಡಿ ಮುಚ್ಚಿಕೊಂಡರು. ದುರ್ಬೀನು ಇಳಿಸಿದೆ.

ನಾಲ್ಕನೇ ಟೈಲ್: ತೆಳು ಬಣ್ಣ, ತೆಳು ನೀರುಗಾಜು. ಒಂದು ಕೈ ಸಿಂಪಡಿಸಿ ಒಂದು ದಿನ ಬಿಡುವುದು, ಒದ್ದೆ ಬೆರಳಿಂದ ಒತ್ತಿ ನೋಡುವುದು, ಪುಡಿ ಬಂದರೆ ಮಾತ್ರ ಇನ್ನೊಂದು ಕೈ. ಮೂರನೇ ಕೈಗೆ ಬೆರಳು ಸ್ವಚ್ಛವಾಗಿ ಬಂತು. ಸಾಕು ಅಂತ ನಿಲ್ಲಿಸಿದೆ. ಒಂದು ವಾರ ಕಳೆದು ಕುದುರೆಯ ಬೆನ್ನ ಮೇಲೆ ಒಂದು ಹನಿ ನೀರು ಬಿಟ್ಟೆ. ಪಕ್ಕದಲ್ಲಿ ನನ್ನ ಹಳೇ ಆಕ್ರಿಲಿಕ್ ಮಾದರಿಯ ಮೇಲೂ ಒಂದು ಹನಿ. ಆಕ್ರಿಲಿಕ್ ಮೇಲಿನ ಹನಿ ಕೆಸುವಿನ ಎಲೆ ಮೇಲಿನಂತೆ ಗುಂಡಗೆ ನಿಂತು ಜಾರಿ ಬಿತ್ತು. ಗಾರೆ ಮೇಲಿನದು ಒಂದು ಕ್ಷಣ ನಿಂತು, ಚಪ್ಪಟೆಯಾಗಿ, ಒಳಗೆ ಹೋಯಿತು. ಅಷ್ಟಗಲ ಕುದುರೆ ಕಪ್ಪಾಯಿತು. ಕಾಲು ಗಂಟೆಯಲ್ಲಿ ಅಂಚಿನಿಂದ ಒಳಕ್ಕೆ ತಿಳಿಯಾಗುತ್ತಾ ಬಂದು ಮೊದಲಿನ ಬಣ್ಣಕ್ಕೇ ತಿರುಗಿತು, ಹನಿ ಬಿದ್ದಿದ್ದ ಗುರುತೂ ಇಲ್ಲ. ಅದನ್ನು ನೋಡುವುದಕ್ಕೆ ಅಂತಲೇ ಇನ್ನೂ ಐದಾರು ಹನಿ ಬಿಟ್ಟೆ.

ಈಗ ಅದು ಬಾಲ್ಕನಿಯಲ್ಲಿ, ಮಳೆ ನೇರ ಹೊಡೆಯುವ ಮೂಲೆಯಲ್ಲಿದೆ. ಚಳಿಗಾಲ ಪೂರ್ತಿ ಅಲ್ಲೇ ಇರುತ್ತದೆ. ಕಿಟಕಿ ಚೌಕಟ್ಟು ಇನ್ನೂ ಕೂರಿಸಿಲ್ಲ.

ಫೋಟೊ ತೆಗೆದು ಮಾವನಿಗೆ ಕಳಿಸಿದೆ. ಯುದ್ಧ, ಕುದುರೆ, ಕೋಬಾಲ್ಟ್ ನೀಲಿ, ಒಂದರ ಬಗ್ಗೆಯೂ ಮಾತಿಲ್ಲ. ಫೋಟೊ ದೊಡ್ಡದು ಮಾಡಿ ನೋಡಿರಬೇಕು, ಎರಡು ಗಂಟೆ ಬಿಟ್ಟು ವಾಯ್ಸ್ ಮೆಸೇಜ್ ಬಂತು. “ಅಳಿಯಂದಿರೇ, ಮೇಲೆ ಬಲಗಡೆ ಮೂಲೆ ಸ್ವಲ್ಪ ಉಬ್ಬಿದ ಹಂಗೈತೆ. ಬೆರಳ ಗಿಣ್ಣಿಂದ ತಟ್ಟಿ ನೋಡು.”

ಹೋಗಿ ತಟ್ಟಿದೆ. ಎಡಗಡೆ ಟಕ್ ಟಕ್ ಅಂತು. ನಡುವೆಯೂ ಟಕ್ ಟಕ್. ಬಲಗಡೆ ಮೂಲೆಯಲ್ಲಿ, ಎರಡು ಬೆರಳಗಲ ಜಾಗದಲ್ಲಿ, ಡಬ್ ಅಂತು.